ಸಿರಪ್ ಬಾಟಲಿಯ ಮೇಲಿನ ಎರಡು ಹಳೆಯ ಹೆಸರುಗಳು

ಹುಬ್ಬಳ್ಳಿಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರಿನ ಗಟ್ಟಿ ಊಟ ಮುಗಿಸಿದವರಲ್ಲಿ ಕೆಲವರು ಪಕ್ಕದ ಔಷಧಿ ಅಂಗಡಿಗೆ ಹೋಗಿ ಪಚನಕ್ಕೆಂದು ಸಿರಪ್ ಕೇಳುವುದುಂಟು. ಅಲ್ಲಿ ಸಿಗುವ ಅನೇಕ ಸಿರಪ್‌ಗಳ ಬಾಟಲಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಡಯಾಸ್ಟೇಸ್ ಮತ್ತು ಪೆಪ್ಸಿನ್ ಎಂಬ ಹೆಸರುಗಳಿರುತ್ತವೆ. ಮೊದಲನೆಯದು ಪಿಷ್ಟವನ್ನು ಒಡೆಯುವ ಕಿಣ್ವ, ಎರಡನೆಯದು ಪ್ರೋಟೀನನ್ನು ಒಡೆಯುವ ಕಿಣ್ವ. ಎರಡೂ 1830ರ ದಶಕದಲ್ಲಿ ಪತ್ತೆಯಾದವು. ಅನ್ನ ಅರಗುವುದೆಲ್ಲ ಜಠರದಲ್ಲೇ ಎಂದು ವಿಜ್ಞಾನಿಗಳೂ ಬಹುಮಟ್ಟಿಗೆ ನಂಬಿದ್ದ ಕಾಲವದು.

ಆ ನಂಬಿಕೆಗೆ ಕಾರಣ ಸರಳವಾಗಿತ್ತು: ಜೀರ್ಣಾಂಗಗಳಲ್ಲಿ ಪರೀಕ್ಷಕರ ಕೈಗೆ ನಿಲುಕುತ್ತಿದ್ದುದು ಜಠರವೊಂದೇ. ಆಹಾರ ಅಲ್ಲಿ ಅರೆಯಲ್ಪಡುತ್ತದೆಯೋ ಕೊಳೆಯುತ್ತದೆಯೋ ಎಂಬ ವಾದ ನಡೆಯುತ್ತಿದ್ದಾಗ, 1752ರಲ್ಲಿ ಫ್ರಾನ್ಸಿನ ರಿಯೋಮ್ಯೂರ್ ಲೋಹದ ಸಣ್ಣ ಕೊಳವೆಗಳಲ್ಲಿ ಮಾಂಸವಿಟ್ಟು ತನ್ನ ಸಾಕು ಹದ್ದಿಗೆ ನುಂಗಿಸಿದನು. ಹದ್ದು ಕೊಳವೆಯನ್ನು ಹೊರಗೆ ಕಕ್ಕಿದಾಗ, ಯಾವ ಒತ್ತಡವೂ ತಾಗದ ಒಳಗಿನ ಮಾಂಸ ಕರಗತೊಡಗಿತ್ತು. ಇಟಲಿಯ ಸ್ಪಲ್ಲಾಂಜಾನಿ ಮುಂದೆ ಆಹಾರ ತುಂಬಿದ ಬಟ್ಟೆಯ ಚೀಲಗಳನ್ನು ತಾನೇ ನುಂಗಿ ನೋಡಿದನು. 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ತೋರಿಸಿದನು.

ಜಠರದ ಕೀರ್ತಿ ಶಿಖರಕ್ಕೇರಿದ್ದು ಮಾತ್ರ ಒಂದು ಅಪಘಾತದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಹಾರಿದ ಗುಂಡು ತಗುಲಿತು. ಗಾಯ ವಾಸಿಯಾದರೂ ಹೊಟ್ಟೆಯ ಮೇಲೆ ನೇರವಾಗಿ ಜಠರಕ್ಕೆ ತೆರೆಯುವ ರಂಧ್ರವೊಂದು ಉಳಿದುಬಿಟ್ಟಿತು. ಚಿಕಿತ್ಸೆ ಮಾಡಿದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ 1825ರಲ್ಲಿ ಮಾಂಸ, ಬ್ರೆಡ್ಡು, ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದೊಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದನು. ಮೊದಲ ಗಂಟೆಯಲ್ಲಿ ಎಲೆಕೋಸು ಮತ್ತು ಬ್ರೆಡ್ಡು ಅರ್ಧ ಕರಗಿದ್ದವು. ಜಠರರಸವನ್ನು ಹೊರತೆಗೆದು ಬೆಚ್ಚಗಿನ ಸೀಸೆಯಲ್ಲಿಟ್ಟಾಗ ಅಲ್ಲಿಯೂ ಮಾಂಸ ಕರಗಿತು. 1833ರಲ್ಲಿ ಬ್ಯೂಮಾಂಟ್ ಇದನ್ನೆಲ್ಲ ಪ್ರಕಟಿಸಿದನು. (ಬಡ ಮಾರ್ಟಿನ್‌ನ ಇಷ್ಟಾನಿಷ್ಟಗಳನ್ನು ಯಾರೂ ಹೆಚ್ಚು ಕೇಳಿದಂತಿಲ್ಲ, ಅವನು ಒಮ್ಮೆಗಿಂತ ಹೆಚ್ಚು ಬಾರಿ ಪ್ರಯೋಗ ಬಿಟ್ಟು ಕೆನಡಾಕ್ಕೆ ಮರಳಿದನು.) 1833ರಲ್ಲೇ ಫ್ರಾನ್ಸಿನ ರಸಾಯನವಿಜ್ಞಾನಿಗಳಾದ ಪಾಯೆನ್ ಮತ್ತು ಪೆರ್ಸೋಜ್ ಮೊಳಕೆ ಬರಿಸಿದ ಬಾರ್ಲಿಯಿಂದ ಡಯಾಸ್ಟೇಸನ್ನು ಬೇರ್ಪಡಿಸಿದರು. 1836ರಲ್ಲಿ ಜರ್ಮನಿಯ ವಿಜ್ಞಾನಿ ಥಿಯೋಡರ್ ಶ್ವಾನ್, ಆಮ್ಲವೊಂದರಿಂದಲೇ ಇಷ್ಟೆಲ್ಲ ಆಗದೆಂದು ಕಂಡು, ಜಠರದ ಇನ್ನೊಂದು ವಸ್ತುವಿಗೆ ಪೆಪ್ಸಿನ್ ಎಂದು ಹೆಸರಿಟ್ಟನು.

ಚಿತ್ರ ಬದಲಾದದ್ದು 1840ರ ದಶಕದ ಕೊನೆಯಲ್ಲಿ. ಮೊಲದಲ್ಲಿ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ನಾಳವು ಪಿತ್ತನಾಳಕ್ಕಿಂತ ಬಹಳ ಕೆಳಗೆ ಕರುಳನ್ನು ಸೇರುತ್ತದೆ. ಕೊಬ್ಬು ತಿನ್ನಿಸಿದ ಮೊಲವನ್ನು ಕೊಯ್ದು ನೋಡಿದ ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್‌ಗೆ, ಕೊಬ್ಬನ್ನು ಹೀರಿ ಹಾಲಿನಂತೆ ಬೆಳ್ಳಗಾದ ನಾಳಗಳು ಕಂಡದ್ದು ಆ ಸ್ಥಳದಿಂದ ಕೆಳಗೆ ಮಾತ್ರ. ಕೊಬ್ಬು ಅರಗಲು ಈ ಗ್ರಂಥಿಯ ರಸ ಬೇಕೇ ಬೇಕೆಂಬುದು ಸ್ಪಷ್ಟವಾಯಿತು. ಅದೇ ರಸದಲ್ಲಿ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ 1876ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಕ್ಯೂನೆಯ ಕೈಗೆ ಸಿಕ್ಕಿತು. 1897ರಲ್ಲಿ ಜ್ಯೂರಿಕ್‌ನ ಶಸ್ತ್ರವೈದ್ಯ ಕಾರ್ಲ್ ಶ್ಲಾಟರ್ ಒಬ್ಬ ರೋಗಿಯ ಜಠರವನ್ನೇ ಪೂರ್ತಿ ತೆಗೆದುಹಾಕಿದಾಗ ಆಕೆ ಜಠರವಿಲ್ಲದೆಯೂ ಆಹಾರ ಅರಗಿಸಿಕೊಂಡು ಒಂದು ವರ್ಷಕ್ಕೂ ಮೀರಿ ಬದುಕಿದಳು.

ಹಾಗಾದರೆ ನಮ್ಮ ರೊಟ್ಟಿಗೆ ಏನಾಗುತ್ತದೆ? ಜೋಳದ ಹಿಟ್ಟನ್ನು ಕುದಿನೀರು ಹಾಕಿ ನಾದಿ, ಬಡಿದು ಬೇಯಿಸುವಾಗಲೇ ಪಿಷ್ಟದ ಕಣಗಳು ಉಬ್ಬಿ ಕಿಣ್ವಕ್ಕೆ ಸುಲಭವಾಗಿ ಒಡ್ಡಿಕೊಳ್ಳುತ್ತವೆ. ಒಂದು ತುತ್ತನ್ನು ನಿಧಾನವಾಗಿ ಅಗಿದರೆ ಲಾಲಾರಸದಲ್ಲಿರುವ, ಪಿಷ್ಟ ಒಡೆಯುವ ಅಮೈಲೇಸ್‌ನಿಂದ ಸಣ್ಣ ಸಿಹಿ ಬರುವುದು ಇದರಿಂದಲೇ. ಜಠರದ ಆಮ್ಲ ಆ ಅಮೈಲೇಸನ್ನು ನಿಷ್ಕ್ರಿಯಗೊಳಿಸುತ್ತದೆ, ಪೆಪ್ಸಿನ್ ಪ್ರೋಟೀನನ್ನು ಒಡೆಯಲು ಶುರುಮಾಡುತ್ತದೆ. ಮುಖ್ಯ ಕೆಲಸ ಮಾತ್ರ ಸಣ್ಣ ಕರುಳಿನದು. ಮೇದೋಜೀರಕ ಗ್ರಂಥಿಯಿಂದ ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಕ್ಷಾರೀಯ ರಸ ಹರಿದುಬಂದು ಆಮ್ಲವನ್ನು ತಗ್ಗಿಸುತ್ತದೆ. ಪಿತ್ತರಸ ಶೇಂಗಾ ಎಣ್ಣೆಯನ್ನು ಸಣ್ಣ ಹನಿಗಳಾಗಿಸಿದ ಮೇಲೆ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಕೊನೆಯ ತುಂಡರಿಕೆ ಕರುಳಿನ ಗೋಡೆಯ ಮೇಲಿರುವ ಮಾಲ್ಟೇಸ್, ಲ್ಯಾಕ್ಟೇಸ್ ಮುಂತಾದ ಕಿಣ್ವಗಳಿಂದ ಆಗುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಡಿಮೆಯಿರುವವರಿಗೆ ಒಂದು ಲೋಟ ಹಾಲು ಹೊಟ್ಟೆ ಉಬ್ಬರಿಸಿದರೂ ಮೊಸರು ಅಷ್ಟು ಕಾಡದಿರುವುದಕ್ಕೆ, ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯ ಒಂದು ಪಾಲನ್ನು ಆಗಲೇ ಬಳಸಿಕೊಂಡಿರುವುದು ಒಂದು ಕಾರಣ.

ಆರೋಗ್ಯವಂತರಿಗೆ ಈ ಕಿಣ್ವಗಳ ಕೊರತೆಯಿಲ್ಲ. ಆದ್ದರಿಂದ ಭಾರೀ ಊಟದ ನಂತರದ ಸಿರಪ್ಪಿನಿಂದ ಹೆಚ್ಚೇನೂ ನಿರೀಕ್ಷಿಸಲಾಗದು ಎಂಬುದು ನನ್ನ ಅಭಿಪ್ರಾಯ. ಆಮ್ಲ ತಗ್ಗಿಸುವ ಗ್ಯಾಸಿನ ಗುಳಿಗೆಯನ್ನು ಅದರ ಜೊತೆಗೇ ನುಂಗುವುದಂತೂ ಇನ್ನೂ ವಿಚಿತ್ರ, ಏಕೆಂದರೆ ಆಮ್ಲ ತಗ್ಗಿದಷ್ಟೂ ಪೆಪ್ಸಿನ್‌ನ ಕೆಲಸ ಕುಂಠಿತವಾಗುತ್ತದೆ. ಕಿಣ್ವವನ್ನು ಹೊರಗಿನಿಂದ ಕೊಡಲೇಬೇಕಾದ ರೋಗಿಗಳು ಬೇರೆಯೇ ಇದ್ದಾರೆ: ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತದಿಂದ ಎಣ್ಣೆ ಜಿಡ್ಡಿನ ಮಲ ಹೋಗುತ್ತ, ತೂಕ ಇಳಿಯುತ್ತಿರುವವರು. ವೈದ್ಯರು ಅವರಿಗೆ ಬರೆದುಕೊಡುವ ಕ್ಯಾಪ್ಸೂಲಿನೊಳಗಿನ ಕಿಣ್ವದ ಕಣಗಳಿಗೆ ಜಠರದ ಆಮ್ಲದಲ್ಲಿ ಕರಗದ ಲೇಪವಿರುತ್ತದೆ. ಅದು ಕರಗುವುದು ಸಣ್ಣ ಕರುಳನ್ನು ತಲುಪಿದ ಮೇಲೆಯೇ.