ಫೆಬ್ರವರಿಗೆ ಮಾತ್ರ ಏಕೆ 28 ದಿನ?

ಪ್ರಶ್ನೆ: ಉಳಿದೆಲ್ಲ ತಿಂಗಳುಗಳಿಗೆ 30 ಅಥವಾ 31 ದಿನ, ಫೆಬ್ರವರಿಗೆ ಮಾತ್ರ 28. ರೋಮ್ ಚಕ್ರವರ್ತಿ ಅಗಸ್ಟಸ್ ತನ್ನ ಹೆಸರಿನ ಆಗಸ್ಟ್ ತಿಂಗಳು ಜುಲೈಗೆ ಕಡಿಮೆಯಾಗಬಾರದೆಂದು ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡನಂತೆ. ನಿಜವೇ?

ಉತ್ತರ: ನಿಜವಲ್ಲ. ಕತೆ ಸೊಗಸಾಗಿದೆ, ಅದಕ್ಕೇ ಸಾಯುತ್ತಿಲ್ಲ. ಇದನ್ನು ಪ್ರಚಾರಕ್ಕೆ ತಂದವನು 13ನೇ ಶತಮಾನದ ವಿದ್ವಾಂಸ ಸ್ಯಾಕ್ರೊಬಾಸ್ಕೊ. ಅಷ್ಟರಲ್ಲಿ ಅಗಸ್ಟಸ್ ಸತ್ತು ಸಾವಿರದ ಇನ್ನೂರು ವರ್ಷ ಕಳೆದಿತ್ತು. ಕತೆಯನ್ನು ಸುಳ್ಳಾಗಿಸುವ ಸಾಕ್ಷಿ ಇಟಲಿಯ ಆಂಜಿಯೊದಲ್ಲಿ ಸಿಕ್ಕಿದೆ: ಗೋಡೆಯ ಗಾರೆಯ ಮೇಲೆ ಬಣ್ಣದಲ್ಲಿ ಬರೆದ ಪಂಚಾಂಗ. ಅದು ಅಗಸ್ಟಸ್ ಇರಲಿ, ಜೂಲಿಯಸ್ ಸೀಸರ್‌ನ ಪಂಚಾಂಗ ಸುಧಾರಣೆಗೂ ಹಿಂದಿನದು. ಅದರಲ್ಲಿ ಪ್ರತಿ ತಿಂಗಳ ಸಾಲಿನ ಬುಡದಲ್ಲಿ ದಿನಗಳ ಲೆಕ್ಕವಿದೆ. ಫೆಬ್ರವರಿಯ ಬುಡದಲ್ಲಿ ಬರೆದದ್ದು ಎರಡು ಹತ್ತು, ಅದರ ಪಕ್ಕದಲ್ಲಿ ‘ಹತ್ತಕ್ಕೆ ಎರಡು ಕಡಿಮೆ’. ಅಂದರೆ 28.

ಕಾರಣ ಬೇರೆಯೇ ಇದೆ. ರೋಮನ್ನರಿಗೆ ಬೆಸ ಸಂಖ್ಯೆ ಶುಭ, ಸರಿ ಸಂಖ್ಯೆ ಅಶುಭ. ಹಾಗಾಗಿ ಹಳೆಯ ಪಂಚಾಂಗದಲ್ಲಿ ನಾಲ್ಕು ತಿಂಗಳಿಗೆ 31 ದಿನ, ಏಳು ತಿಂಗಳಿಗೆ 29 ದಿನ. ವರ್ಷದ ಮೊತ್ತವೂ ಬೆಸವೇ ಆಗಬೇಕು: 355. ಆದರೆ ಹನ್ನೆರಡು ಬೆಸ ಸಂಖ್ಯೆಗಳನ್ನು ಕೂಡಿದರೆ ಬೆಸ ಬರುವುದಿಲ್ಲ. ಯಾವುದಾದರೂ ಒಂದು ತಿಂಗಳು ಅಶುಭವನ್ನು ಹೊರಲೇಬೇಕಿತ್ತು. ಫೆಬ್ರವರಿ ಹೇಗೂ ಸತ್ತವರ ತಿಂಗಳು, ಮೈಲಿಗೆ ಕಳೆಯುವ ತಿಂಗಳು. ಅದರ ಪಾಲಿಗೆ 28 ಬಂತು. ರೋಮ್‌ನ ಪುರಾತನ ರಾಜ ನೂಮಾನೇ ಹೀಗೆ ಏರ್ಪಡಿಸಿದ ಎಂಬುದು ರೋಮನ್ನರ ನಂಬಿಕೆ.

ತಿಂಗಳಿಗೆ ಹೆಸರು ಬಂದದ್ದೂ ‘ಫೆಬ್ರುವಾ’ ಎಂಬ ಶುದ್ಧಿಯ ಸಾಮಗ್ರಿಗಳಿಂದ. ಉಣ್ಣೆ, ಹುರಿದ ಧಾನ್ಯ, ಉಪ್ಪು, ಮರದ ರೆಂಬೆ ಇವೆಲ್ಲ ಫೆಬ್ರುವಾ ಎಂದು ಕವಿ ಓವಿಡ್ ಪಟ್ಟಿ ಕೊಡುತ್ತಾನೆ.

13ರಿಂದ 21ರವರೆಗೆ ಪಿತೃಗಳ ದಿನಗಳು. ದೇವಾಲಯಗಳಿಗೆ ಬೀಗ, ಮದುವೆಗಳಿಲ್ಲ, ಬಲಿಪೀಠಗಳಲ್ಲಿ ಧೂಪವಿಲ್ಲ. ಹಿರಿಯರಿಗೆ ಇಡುತ್ತಿದ್ದ ಎಡೆಯಂತೂ ಬಡವನಿಗೂ ಎಟುಕುವಂಥದ್ದು: ಹೂಮಾಲೆ ಸುತ್ತಿದ ಹೆಂಚು, ಒಂದಿಷ್ಟು ಕಾಳು, ನಾಲ್ಕು ಹರಳು ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಬಿಡಿ ಹೂವು. 22ರಂದು ಬದುಕಿರುವ ಬಂಧುಗಳೆಲ್ಲ ಒಟ್ಟಾಗಿ ಊಟಕ್ಕೆ ಕೂರುತ್ತಿದ್ದರು. 23ರಂದು ಹೊಲದ ಗಡಿಕಲ್ಲಿಗೆ ಪೂಜೆ. ಅಕ್ಕಪಕ್ಕದ ಹೊಲದವರು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಹಾರ ಹಾಕುತ್ತಿದ್ದರು.

ಈ ಸೂತಕದ ಸಾಲಿನ ನಡುವೆ, 15ರಂದು, ಲೂಪರ್ಕೇಲಿಯಾ ಎಂಬ ಗದ್ದಲದ ಹಬ್ಬ. ಪ್ಯಾಲಟೈನ್ ಬೆಟ್ಟದ ಬುಡದ ಗುಹೆಯ ಬಳಿ ಮೇಕೆಗಳನ್ನೂ ಒಂದು ನಾಯಿಯನ್ನೂ ಬಲಿ ಕೊಡುತ್ತಿದ್ದರು. ರಕ್ತದ ಕತ್ತಿಯನ್ನು ಇಬ್ಬರು ಯುವಕರ ಹಣೆಗೆ ಮುಟ್ಟಿಸಿ, ಹಾಲಿನಲ್ಲಿ ಅದ್ದಿದ ಉಣ್ಣೆಯಿಂದ ಒರೆಸುತ್ತಿದ್ದರು. ಆಗ ಅವರಿಬ್ಬರೂ ನಗಲೇಬೇಕು, ಅದು ವಿಧಿ. ಏಕೆ ನಗಬೇಕೆಂದು ರೋಮನ್ನರೇ ಯಾರೂ ಹೇಳಿದಂತಿಲ್ಲ! ಆಮೇಲೆ ಬರಿಮೈಯ ಓಟ. ಮೇಕೆಯ ಚರ್ಮದ ಪಟ್ಟಿಗಳಿಂದ ಎದುರಾದವರಿಗೆ ಹೊಡೆಯುತ್ತಿದ್ದರು. ಏಟು ಬಿದ್ದರೆ ಸಂತಾನ ಭಾಗ್ಯವೆಂದು ಹೆಂಗಸರು ತಾವಾಗಿಯೇ ಕೈಯೊಡ್ಡುತ್ತಿದ್ದರು. ಕ್ರಿ.ಪೂ. 44ರಲ್ಲಿ ಹೀಗೆ ಓಡುತ್ತಲೇ ಬಂದ ಮಾರ್ಕ್ ಆ್ಯಂಟನಿ ಸೀಸರ್‌ಗೆ ಕಿರೀಟ ನೀಡಲು ಹೋದ. ಮುಂದಿನ ತಿಂಗಳೇ ಸೀಸರ್ ಕೊಲೆಯಾದ.

355 ದಿನಗಳ ವರ್ಷ ಋತುಗಳ ಜೊತೆ ಹೆಜ್ಜೆ ಹಾಕಲಾರದು. ಅದನ್ನು ಸರಿದೂಗಿಸಲು ಆಗಾಗ ಫೆಬ್ರವರಿಯನ್ನು 23ರ ಸುಮಾರಿಗೆ ಕತ್ತರಿಸಿ, ಒಂದು ಅಧಿಕಮಾಸ ತುರುಕುತ್ತಿದ್ದರು. ಯಾವಾಗ ಎಂಬುದು ಪುರೋಹಿತರ ಕೈಯಲ್ಲಿತ್ತು. ಬೇಕಾದವರ ಅಧಿಕಾರಾವಧಿ ಹಿಗ್ಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೇ? ಲೆಕ್ಕ ಎಷ್ಟು ಕೆಟ್ಟಿತ್ತೆಂದರೆ, ಅದನ್ನು ಸರಿಪಡಿಸಲು ಸೀಸರ್ ಕ್ರಿ.ಪೂ. 46ನೇ ವರ್ಷವನ್ನು 445 ದಿನಗಳಿಗೆ ಎಳೆಯಬೇಕಾಯಿತು.

ಆ ಬಳಿಕ ವರ್ಷಕ್ಕೆ ಹತ್ತು ದಿನ ಸೇರಿಸಿ 365 ಮಾಡಿದ. ಆ ಹತ್ತೂ ದಿನ ಬೇರೆ ಏಳು ತಿಂಗಳಿಗೆ ಹಂಚಿಹೋದವು. ಪಾತಾಳದ ದೇವತೆಗಳ ವಿಧಿಗಳು ಏರುಪೇರಾಗಬಾರದೆಂದು ಫೆಬ್ರವರಿಯನ್ನು ಮುಟ್ಟಲಿಲ್ಲ ಎಂದು ರೋಮನ್ ಲೇಖಕ ಮ್ಯಾಕ್ರೋಬಿಯಸ್ ಬರೆದಿದ್ದಾನೆ. ಆಗಸ್ಟ್‌ಗೆ 31 ದಿನ ಬಂದದ್ದೂ ಆಗಲೇ, ಸೀಸರ್ ಕೈಯಿಂದ. ಆಗಿನ್ನೂ ಅದರ ಹೆಸರು ಸೆಕ್ಸ್‌ಟಿಲಿಸ್.

ಅಧಿಕ ವರ್ಷದಲ್ಲಿ ಫೆಬ್ರವರಿಗೆ ಸಿಗುವ ಹೆಚ್ಚುವರಿ ದಿನವೂ ಆಗ ತಿಂಗಳ ಕೊನೆಗೆ ಸೇರಲಿಲ್ಲ. ನಾವು 24 ಎನ್ನುವ ದಿನವನ್ನೇ ಎರಡು ಬಾರಿ ಎಣಿಸುತ್ತಿದ್ದರು. ಹಾಗಾದರೆ ಆ ಎರಡರಲ್ಲಿ ಒಂದು ದಿನ ಹುಟ್ಟಿದ ಮಗುವಿನ ಹುಟ್ಟುಹಬ್ಬ ಯಾವತ್ತು? ನ್ಯಾಯಶಾಸ್ತ್ರಜ್ಞ ಸೆಲ್ಸಸ್ ಉತ್ತರ ಕೊಟ್ಟಿದ್ದಾನೆ: ಮೊದಲ ದಿನವೋ ಎರಡನೆಯದೋ ನೋಡಬೇಕಿಲ್ಲ, ಕಾನೂನಿನ ಪಾಲಿಗೆ ಎರಡೂ ಸೇರಿ ಒಂದೇ ದಿನ.