ಇತಿಹಾಸ ಕಾಮಿಡಿ ನ್ಯೂಸ್ ಆದ ಕತೆ

ಹಳೇ ಕಾಲದ ಯುದ್ಧ, ದಂಗೆಗಳನ್ನು ಇವತ್ತಿನ ಟಿವಿ ನ್ಯೂಸ್ ತರಹ ಓದಿ ನಗಿಸುವುದು ಈಗ ಮಾಮೂಲು. ಆದರೆ ಇದು ಶುರುವಾದಾಗ ಅದರಲ್ಲಿ ನಗುವೇ ಇರಲಿಲ್ಲ.

1947ರಲ್ಲಿ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಹುಟ್ಟಿ 1953ರಲ್ಲಿ ಟಿವಿಗೆ ಬಂದ 'ಯೂ ಆರ್ ದೇರ್' ಪೂರ್ತಿ ಗಂಭೀರ ಕಾರ್ಯಕ್ರಮ. ಸುದ್ದಿ ನಿರೂಪಕ ವಾಲ್ಟರ್ ಕ್ರಾಂಕೈಟ್ ಸ್ಟುಡಿಯೋದಲ್ಲಿ ಕೂತು ಸಾಕ್ರಟೀಸ್ ವಿಷ ಕುಡಿಯುವ ದಿನವನ್ನು, ಗೆಲಿಲಿಯೋ ವಿಚಾರಣೆಯನ್ನು ಆ ದಿನದ ಸುದ್ದಿ ಅನ್ನುವ ಹಾಗೇ ಹೇಳುತ್ತಿದ್ದರು. ಇದನ್ನು ಬರೆದವರಲ್ಲಿ ಅಬ್ರಹಾಂ ಪೊಲೊನ್‌ಸ್ಕಿ, ವಾಲ್ಟರ್ ಬರ್ನ್‌ಸ್ಟೀನ್, ಆರ್ನಾಲ್ಡ್ ಮ್ಯಾನೋಫ್ ಇದ್ದರು. ಮೂವರೂ ಎಡಪಂಥೀಯರೆಂದು ಕಪ್ಪುಪಟ್ಟಿಗೆ, ಅಂದರೆ ಕೆಲಸ ಕೊಡಬಾರದವರ ಪಟ್ಟಿಗೆ, ಸೇರಿದ್ದವರು. ಸ್ವಂತ ಹೆಸರಲ್ಲಿ ಬರೆಯುವ ಹಾಗಿರಲಿಲ್ಲ, ಬೇರೆಯವರ ಹೆಸರಲ್ಲಿ ಬರೆದರು. ತಮ್ಮ ಕಾಲದ ಬಗ್ಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಗೆಲಿಲಿಯೋ ಬಾಯಲ್ಲಿ ಹೇಳಿಸಿದರು. ನನಗಂತೂ ಈ ಪ್ರಕಾರದ ನಿಜವಾದ ಬಲ ಇಲ್ಲೇ ಕಾಣುತ್ತದೆ.

ನಗು ಬಂದದ್ದು ಆಮೇಲೆ. 1962ರಲ್ಲಿ ಬಿಬಿಸಿ ವಾರದ ಸುದ್ದಿಯನ್ನೇ ಲೇವಡಿ ಮಾಡಿತು, 1998ರಲ್ಲಿ ಕೆನಡಾದ 'ಹಿಸ್ಟರಿ ಬೈಟ್ಸ್' ಟಿವಿ ಸಾವಿರಾರು ವರ್ಷದಿಂದ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ತೋರಿಸಿತು, ಮರುವರ್ಷ ಅಮೆರಿಕದ ವಿಡಂಬನೆ ಪತ್ರಿಕೆ 'ದಿ ಆನಿಯನ್' ಇಡೀ 20ನೇ ಶತಮಾನಕ್ಕೆ ಸುಳ್ಳು ಮುಖಪುಟಗಳನ್ನು ಅಚ್ಚು ಹಾಕಿತು.

ಮಕ್ಕಳ ಹತ್ತಿರ ಇದು ಬಂದದ್ದು 2009ರಲ್ಲಿ, ಬಿಬಿಸಿಯ 'ಹಾರಿಬಲ್ ಹಿಸ್ಟರೀಸ್' ಮೂಲಕ. ಬಾಬ್ ಹೇಲ್ ಅನ್ನುವ ವರದಿಗಾರನ ಪಾತ್ರ ಒಂದೇ ಉಸಿರಿಗೆ ಕೈ ಬೀಸುತ್ತಾ ಇಡೀ ಯುದ್ಧದ ಕತೆ ಮುಗಿಸುತ್ತದೆ. ನಡುವೆ ಒಂದು ಬೊಂಬೆ ಇಲಿ ಬಂದು, ಇದು ನಿಜವಾಗಿ ನಡೆದದ್ದು ಅಂತ ಬೋರ್ಡು ಹಿಡಿಯುತ್ತದೆ. ಆ ಬೋರ್ಡು ತುಂಬಾ ಮುಖ್ಯ. ಇಲ್ಲಿ ತಮಾಷೆ ಬರೀ ಹೇಳುವ ಧಾಟಿಯಲ್ಲಿ, ಸಂಗತಿಯಲ್ಲಲ್ಲ ಅಂತ ಮಗುವಿಗೆ ಕೊಟ್ಟ ಮಾತು ಅದು, ಅಲ್ವಾ?

ಗೊಂದಲ ಶುರುವಾದದ್ದೂ ಈ ಕಾರ್ಯಕ್ರಮದಲ್ಲೇ. ಕ್ರಿಮಿಯಾ ಯುದ್ಧದ ಕಾಲದ ಒಂದು ಸ್ಕೆಚ್‌ನಲ್ಲಿ, ಜಮೈಕಾದ ಮೇರಿ ಸೀಕೋಲ್ ಅವರನ್ನು ದಾದಿಯಾಗಿ ಸೇರಿಸಿಕೊಳ್ಳಲು ಫ್ಲಾರೆನ್ಸ್ ನೈಟಿಂಗೇಲ್ ಒಪ್ಪಲಿಲ್ಲ, ಇದು ಬ್ರಿಟಿಷ್ ಹುಡುಗಿಯರಿಗೆ ಮಾತ್ರ ಅಂದರು ಅನ್ನುವ ಹಾಗೆ ತೋರಿಸಿದ್ದರು. ದೂರು ಹೋಯಿತು. 2014ರಲ್ಲಿ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಇದು ತಪ್ಪು ಅಂತ ಹೇಳಿತು.

ನಡೆದದ್ದು ಇದಕ್ಕಿಂತ ಸಿಕ್ಕುಸಿಕ್ಕು. 1854ರಲ್ಲಿ ಸೀಕೋಲ್ ಅವರನ್ನು ವಾಪಸ್ ಕಳಿಸಿದ್ದು ಲಂಡನ್‌ನ ಯುದ್ಧ ಕಚೇರಿಯವರು ಮತ್ತು ದಾದಿಯರನ್ನು ಆರಿಸುತ್ತಿದ್ದವರು. ಮೈಬಣ್ಣವೇ ಕಾರಣ ಇರಬಹುದಾ ಅಂತ ಸೀಕೋಲ್ ನೊಂದುಕೊಂಡು ಬರೆದಿದ್ದಾರೆ. ನೈಟಿಂಗೇಲ್ 1870ರ ಖಾಸಗಿ ಪತ್ರದಲ್ಲಿ ಅವರ ಬಗ್ಗೆ ಕಟುವಾಗಿ ಬರೆದದ್ದೂ ನಿಜ. ಹಾಗಾಗಿ ಸ್ಕೆಚ್ ಎತ್ತಿದ ನೋವು ಸುಳ್ಳಲ್ಲ. ಆದರೆ ಆಡದ ಮಾತನ್ನು ಒಬ್ಬರ ಬಾಯಿಗೆ ತುರುಕಿದಾಗ ಆ ನೋವೇ ಹಗುರವಾಗುತ್ತದೆ, ಯಾರು ಏನು ಅಂದರು ಅನ್ನುವುದರಲ್ಲೇ ಜಗಳ ಮುಗಿದುಹೋಗುತ್ತದೆ.

ಸ್ವಂತ ದುಡ್ಡಿನಲ್ಲಿ ಕ್ರಿಮಿಯಾಗೆ ಹೊರಟ ಸೀಕೋಲ್, ದಾರಿಯಲ್ಲಿ ಟರ್ಕಿಯ ಸ್ಕುಟಾರಿ ಆಸ್ಪತ್ರೆಯಲ್ಲಿ ನೈಟಿಂಗೇಲ್ ಅವರನ್ನು ಭೇಟಿ ಮಾಡಿದ್ದರು. ಒಂದು ರಾತ್ರಿ ಮಲಗಲು ಜಾಗ ಕೇಳಿದರು, ಬಟ್ಟೆ ಒಗೆಯುವ ಹೆಂಗಸರ ಕೋಣೆಯಲ್ಲಿ ಸಿಕ್ಕಿತು. 1857ರ ತಮ್ಮ ಪುಸ್ತಕದಲ್ಲಿ ಅವರೇ ಇದನ್ನೆಲ್ಲ ಬರೆದಿದ್ದಾರೆ.