ಎಲ್ಲರೆದುರು ಹಾಡುತ್ತಿದ್ದ ಮಗಳು ಈಗ ಯಾಕೆ ಮುದುಡಿಕೊಂಡಿದ್ದಾಳೆ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೊದಲೆಲ್ಲ ಮನೆಗೆ ಯಾರೇ ಬಂದರೂ ಎದುರು ನಿಂತು ಹಾಡುತ್ತಿದ್ದಳು. ಈಗ ಕರೆದರೂ ಬರಲ್ಲ. "ನಾನು ಚೆನ್ನಾಗಿಲ್ಲ, ನಂಗೇನೂ ಬರಲ್ಲ" ಅಂತಾಳೆ. ಅವಳ ಆತ್ಮಗೌರವ ಕುಸಿದುಹೋಯಿತಾ? ನಾವೇನು ತಪ್ಪು ಮಾಡಿದೆವು?

ಉತ್ತರ: ತಪ್ಪು ನಮ್ಮದೇ ಅಂತ ಮೊದಲೇ ತೀರ್ಮಾನ ಮಾಡಿಬಿಡಬೇಡಿ. ಈ ವಯಸ್ಸಿನ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಚಿಂತೆ ಇದೆ.

ಹದಿಹರೆಯ ಬಂತೆಂದರೆ ಆತ್ಮಗೌರವ ಬಿದ್ದೇ ಬೀಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಮನಶ್ಶಾಸ್ತ್ರಜ್ಞ ಉಲ್ರಿಚ್ ಆರ್ಥ್ ಮತ್ತು ಸಂಗಡಿಗರು 2018ರಲ್ಲಿ ನೂರಾರು ಅಧ್ಯಯನಗಳನ್ನು, ಅಂದರೆ ಒಟ್ಟು 1,64,000ಕ್ಕೂ ಜಾಸ್ತಿ ಜನರ ಉತ್ತರಗಳನ್ನು, ಒಂದೆಡೆ ಸೇರಿಸಿ ನೋಡಿದರು. ಸರಾಸರಿಯಲ್ಲಿ ಆತ್ಮಗೌರವ 4ರಿಂದ 11ನೇ ವಯಸ್ಸಿನವರೆಗೆ ಏರುತ್ತದೆ, 11ರಿಂದ 15ರವರೆಗೆ ಹೆಚ್ಚೂಕಡಿಮೆ ಅಲ್ಲೇ ನಿಲ್ಲುತ್ತದೆ, ಆಮೇಲೆ 30ರವರೆಗೆ ಚೆನ್ನಾಗಿ ಏರುತ್ತದೆ.

ಹಾಗಾದರೆ ನಿಮಗೆ ಕಾಣುತ್ತಿರುವುದು ಸುಳ್ಳಾ? ಖಂಡಿತ ಅಲ್ಲ. ಸರಾಸರಿಯೊಳಗೆ ಇಳಿದವರೂ ಇರುತ್ತಾರೆ, ಏರಿದವರೂ ಇರುತ್ತಾರೆ. ಇನ್ನೊಂದು ಮಾತೂ ಇದೆ: ಆತ್ಮಗೌರವದ ಮಟ್ಟ ಬೇರೆ, ಅದರ ಅಲುಗಾಟ ಬೇರೆ. ಬೆಳಿಗ್ಗೆ ಖುಷಿಯಾಗಿದ್ದವಳು ಒಬ್ಬ ಗೆಳತಿ ಮಾತಾಡಿಸಲಿಲ್ಲ ಅಂತ ಸಂಜೆ ಹೊತ್ತಿಗೆ ಪೂರ್ತಿ ಕುಗ್ಗಿರುತ್ತಾಳೆ. 1973ರಲ್ಲಿ ಪ್ರಕಟವಾದ ಅಮೆರಿಕದ ಬಾಲ್ಟಿಮೋರ್ ಮಕ್ಕಳ ಅಧ್ಯಯನದಲ್ಲೂ 12ರ ಆಸುಪಾಸಿನಲ್ಲಿ ಈ ಅಲುಗಾಟವೇ ಎದ್ದು ಕಂಡಿತ್ತು. ಅದರಲ್ಲೂ ದೊಡ್ಡ ಶಾಲೆಗೆ ಆಗಷ್ಟೇ ಸೇರಿದ್ದ 12ರ ಮಕ್ಕಳು, ಹಳೆಯ ಶಾಲೆಯಲ್ಲೇ ಉಳಿದಿದ್ದ ಅದೇ ವಯಸ್ಸಿನವರಿಗಿಂತ ಜಾಸ್ತಿ ಕಂಗೆಟ್ಟಿದ್ದರು. ನಿಮ್ಮ ಮಗಳೂ ಈಚೆಗೆ ಶಾಲೆ ಬದಲಿಸಿದ್ದಾಳಾ? ಒಮ್ಮೆ ಯೋಚಿಸಿ ನೋಡಿ.

ಒಳಗೆ ಏನಾಗುತ್ತದೆ ಅಂದರೆ, ಐದು ವರ್ಷದ ಮಗು "ನಾನೇ ಎಲ್ಲರಿಗಿಂತ ಜೋರಾಗಿ ಓಡ್ತೀನಿ" ಅನ್ನುತ್ತದೆ, ಯಾರ ಜೊತೆಗೂ ಹೋಲಿಸಿ ನೋಡದೆ ಹಾಗೇ ನಂಬುತ್ತದೆ. ಹದಿಮೂರಕ್ಕೆ ಬರುವಷ್ಟರಲ್ಲಿ ಹೋಲಿಕೆ ಶುರುವಾಗಿರುತ್ತದೆ, ಜೊತೆಗೆ ಬೇರೆಯವರ ಕಣ್ಣಲ್ಲಿ ತಾನು ಹೇಗೆ ಕಾಣುತ್ತೇನೆ ಅಂತ ಊಹಿಸುವ ಶಕ್ತಿಯೂ ಬಂದಿರುತ್ತದೆ. ಆ ಶಕ್ತಿ ಹೊಸದು, ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಮುಖದ ಮೇಲೆ ಒಂದು ಮೊಡವೆ ಎದ್ದರೆ ಇಡೀ ತರಗತಿ ಅದನ್ನೇ ನೋಡುತ್ತಿದೆ ಅನ್ನಿಸುತ್ತದೆ. ಡೇವಿಡ್ ಎಲ್ಕೈಂಡ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲೇ ಇದನ್ನು ‘ಕಾಲ್ಪನಿಕ ಪ್ರೇಕ್ಷಕರು’ ಅಂತ ಕರೆದರು. ಅಂಥ ಪ್ರೇಕ್ಷಕರನ್ನು ತಲೆಯಲ್ಲಿ ಹೊತ್ತುಕೊಂಡ ಹುಡುಗಿಗೆ ನಿಮ್ಮ ನಾಲ್ಕು ನೆಂಟರ ಎದುರು ಹಾಡುವುದೂ ಎಷ್ಟು ಕಷ್ಟ, ಅಲ್ವಾ? ಮೈ ಬೇರೆ ಬದಲಾಗುತ್ತಿರುತ್ತದೆ. ಈ ವಯಸ್ಸಿನಲ್ಲಿ ಓದು, ಆಟ, ಗೆಳೆತನ ಎಲ್ಲಕ್ಕಿಂತ ಜಾಸ್ತಿಯಾಗಿ ಆತ್ಮಗೌರವಕ್ಕೆ ಅಂಟಿಕೊಂಡಿರುವುದು ತನ್ನ ರೂಪದ ಬಗ್ಗೆ ತನಗಿರುವ ಅಭಿಪ್ರಾಯ ಅಂತ ಸೂಸನ್ ಹಾರ್ಟರ್ ಅವರ ಸಂಶೋಧನೆ ತೋರಿಸಿದೆ. ಫೋನಿನಲ್ಲಿ ದಿನವಿಡೀ ಬೇರೆಯವರ ತಿದ್ದಿದ ಫೋಟೋ ನೋಡುವುದು ಇದಕ್ಕೆ ನೆರವಾಗುವುದಿಲ್ಲ.

ಇನ್ನು ನೀವೇನು ಮಾಡಬಹುದು ಅನ್ನುವುದು. "ಅಯ್ಯೋ, ನಿನ್ನಂಥ ಹಾಡುಗಾತಿ ಇನ್ನೊಬ್ಬಳಿಲ್ಲ" ಅಂತ ಹೊಗಳಿ ಮೇಲೆತ್ತೋಣ ಅನ್ನಿಸುವುದು ಸಹಜ. ದಯವಿಟ್ಟು ಬೇಡ. 2014ರಲ್ಲಿ ಎಡ್ಡೀ ಬ್ರುಮೆಲ್ಮನ್ ಮತ್ತು ಜೊತೆಗಾರರು ಚಿತ್ರ ಬರೆದ ಮಕ್ಕಳಿಗೆ ಬೇರೆ ಬೇರೆ ತರಹದ ಹೊಗಳಿಕೆ ಕೊಟ್ಟು ನೋಡಿದರು. ಆತ್ಮಗೌರವ ಕಡಿಮೆ ಇದ್ದ ಮಕ್ಕಳು ಅತಿಯಾಗಿ ಹೊಗಳಿಸಿಕೊಂಡ ಮೇಲೆ ಕಷ್ಟದ ಚಿತ್ರ ಬಿಟ್ಟು ಸುಲಭದ್ದನ್ನೇ ಆರಿಸಿಕೊಂಡರು. ಅಷ್ಟು ಎತ್ತರ ಕೂರಿಸಿದ ಮೇಲೆ ಬೀಳುವ ಭಯ ಇದ್ದೇ ಇರುತ್ತದಲ್ಲ! "ಚೆನ್ನಾಗಿದೆ" ಅಂದರೆ ಸಾಕು.

"ನಾನು ಚೆನ್ನಾಗಿಲ್ಲ" ಅಂದಾಗ ವಾದಕ್ಕೆ ಇಳಿಯಬೇಡಿ. "ಇವತ್ತು ಯಾರಾದರೂ ಏನಾದರೂ ಅಂದರಾ?" ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆದರೆ ಊಟ, ನಿದ್ದೆ ಕೆಟ್ಟು ಎರಡು ವಾರ ದಾಟಿದರೆ, ಗೆಳತಿಯರನ್ನೆಲ್ಲ ಬಿಟ್ಟರೆ ಮನೋವೈದ್ಯರನ್ನು ಕಾಣಿ. ಬದುಕು ಬೇಡ ಅನ್ನುವ ಮಾತು ಒಂದು ಸಲ ಬಂದರೂ ಒಂದು ದಿನವೂ ಕಾಯಬೇಡಿ.

ಹಾಡಿನ ವಿಷಯಕ್ಕೆ ಬಂದರೆ, ಸದ್ಯಕ್ಕೆ ನೆಂಟರೆದುರು ಕರೆಯುವುದನ್ನು ನಿಲ್ಲಿಸಿ. ಸ್ನಾನದ ಮನೆಯಿಂದ ಅವಳು ಗುನುಗುವುದು ಕೇಳಿಸಿದರೆ ಏನೂ ಹೇಳದೆ ಸುಮ್ನೆ ನಿಮ್ಮ ಕೆಲಸ ನೋಡಿಕೊಳ್ಳಿ.